ಕಿರಿದಾದ ಟ್ರಾನ್ಸ್‌ಮಿಟರಿನ ಹಿರಿದಾದ ನಿಯತ್ತು

ಮೈಸೂರಿನ ಕುಂಬಾರಕೊಪ್ಪಲಿಗೆ ಸಮೀಪದ ಮೇಟಗಳ್ಳಿ, ಹೆಬ್ಬಾಳದಂಥ ಕೈಗಾರಿಕಾ ಪ್ರದೇಶಗಳಲ್ಲಿ ಬಿಸಿಯನ್ನು ಹದದಲ್ಲಿ ಕಾಯಬೇಕಾದ ಕಡೆಗಳಲ್ಲೆಲ್ಲ, ಕೊಳವೆಗೋ ತೊಟ್ಟಿಗೋ ತಿರುಪಿ ಕೂರಿಸುವ ಪುಟ್ಟ ಟೆಂಪರೇಚರ್ ಟ್ರಾನ್ಸ್‌ಮಿಟರಿಗೆ ಕೆಲಸವುಂಟು. ಅಳತೆಯ ಉಪಕರಣಗಳನ್ನು ಒರೆಗೆ ಹಚ್ಚುವ ಕಸುಬನ್ನು ಪ್ರೀತಿಸುವವರಿಗೆ ಇದರ ವಿವರಪಟ್ಟಿಯನ್ನು ಓದುವುದೇ ಒಂದು ಸುಖ. ಅಲ್ಲಿನ ಒಂದೊಂದು ಅಂಕಿಯೂ ಉಪಕರಣ ತನ್ನ ಮಿತಿಯನ್ನರಿತು ಕೊಟ್ಟ ಮಾತಾಗಿರುತ್ತದೆ.

ಇದರ ತುದಿಯಲ್ಲಿ ಸಾಮಾನ್ಯವಾಗಿ ಇರುವುದು ಪಿಟಿ-100 ಎಂಬ ಸಂವೇದಕ, ಅಂದರೆ 0 ಡಿಗ್ರಿ ಸೆಲ್ಸಿಯಸ್‌ನಲ್ಲಿ 100 ಓಮ್, 100 ಡಿಗ್ರಿಯಲ್ಲಿ 138.5 ಓಮ್ ವಿದ್ಯುತ್ ರೋಧ ತೋರುವ ಪ್ಲಾಟಿನಮ್. ಡಿಗ್ರಿಯೊಂದಕ್ಕೆ ಅರ್ಧ ಓಮ್ ಕೂಡ ಇಲ್ಲದ ಈ ವ್ಯತ್ಯಾಸವನ್ನು ಎರಡೇ ತಂತಿಗಳಲ್ಲಿ ದೂರ ಒಯ್ದರೆ, ತಂತಿಯ ರೋಧ ಒಂದು ಓಮ್ ಸೇರಿದರೂ ಸುಮಾರು ಎರಡೂವರೆ ಡಿಗ್ರಿ ತಪ್ಪು ನುಸುಳುತ್ತದೆ. ಸಂವೇದಕದ ಬೆನ್ನಿಗೇ ಟ್ರಾನ್ಸ್‌ಮಿಟರನ್ನು ಕೂರಿಸಿದಾಗ ಉಳಿಯುವುದು ಜಾಗ ಮಾತ್ರವಲ್ಲ, ಅಳತೆಯ ನಿಜವೂ ಹೌದು.

ಅಲ್ಲಿಂದ ಮುಂದೆ ಬಿಸಿಯ ಸುದ್ದಿ ಸಾಗುವುದು 4ರಿಂದ 20 ಮಿಲಿಆಂಪಿಯರ್ ಪ್ರವಾಹವಾಗಿ. ಒಂದೇ ಸುತ್ತಿನಲ್ಲಿ ಹರಿಯುವ ಪ್ರವಾಹ ಎಲ್ಲೆಡೆಯೂ ಸಮನಾಗಿರುವುದರಿಂದ, ವೋಲ್ಟೇಜು ಸಾಲುವವರೆಗೆ ತಂತಿ ಉದ್ದವಾದರೂ ಅಳತೆ ಕೆಡದು. ಸೊನ್ನೆಯಿಂದ 100 ಡಿಗ್ರಿಯ ವ್ಯಾಪ್ತಿಗೆ ಹೊಂದಿಸಿದರೆ 50 ಡಿಗ್ರಿಗೆ 12 ಮಿಲಿಆಂಪಿಯರ್ ಬರುತ್ತದೆ. ಸೊನ್ನೆ ಡಿಗ್ರಿಗೂ 4 ಮಿಲಿಆಂಪಿಯರ್ ಮೀಸಲಾಗಿರುವುದರಿಂದ, ಪ್ರವಾಹ ಪೂರ್ತಿ ನಿಂತರೆ ಅದು ಚಳಿಯ ಸೂಚನೆಯಲ್ಲ, ತಂತಿ ಕಡಿದುದರ ಸೂಚನೆಯೆಂದು ತಿಳಿಯುತ್ತದೆ.

ನಿಖರತೆಯ ಅಂಕಿ ಇನ್ನೂ ಸೊಗಸಾದುದು. 100 ಡಿಗ್ರಿಯಲ್ಲಿ ಎ ದರ್ಜೆಯ ಪಿಟಿ-100 ಹೆಚ್ಚೆಂದರೆ 0.35 ಡಿಗ್ರಿ, ಬಿ ದರ್ಜೆಯದು 0.8 ಡಿಗ್ರಿ ಆಚೀಚೆಯಾಗಬಹುದು. ಇದಕ್ಕೆ ಟ್ರಾನ್ಸ್‌ಮಿಟರಿನ ತಪ್ಪನ್ನೂ ಕೂಡಿಸಿಯೇ ಒಟ್ಟು ಲೆಕ್ಕ ಹಾಕಬೇಕು. ವಿವರಪಟ್ಟಿಯಲ್ಲಿ ಐಪಿ67 ಎಂದಿದ್ದರೆ, ಅದು ದೂಳು ಒಳಹೋಗದೆಂಬ, ಒಂದು ಮೀಟರ್ ನೀರಿನಲ್ಲಿ 30 ನಿಮಿಷ ಮುಳುಗಿದರೂ ಹಾನಿಯಾಗದೆಂಬ ಭರವಸೆ. ಬಿಸಿ ತಟ್ಟನೆ ಬದಲಾದಾಗ ಉಪಕರಣ ಆ ಬದಲಾವಣೆಯ ಗೊತ್ತುಪಡಿಸಿದ ಪಾಲನ್ನು, ಉದಾಹರಣೆಗೆ ಶೇ. 90ರಷ್ಟನ್ನು, ತೋರಲು ಹಿಡಿಯುವ ಹೊತ್ತೇ ಅದರ ಸ್ಪಂದನಕಾಲ.

ಒರೆಗೆ ಹಚ್ಚುವ ಸರಳ ವಿಧಾನದಲ್ಲಿ ಊರಿನ ಎತ್ತರವೂ ಲೆಕ್ಕಕ್ಕೆ ಬರುತ್ತದೆ. ಕರಗುತ್ತಿರುವ ಮಂಜುಗಡ್ಡೆಯಲ್ಲಿ 4 ಮಿಲಿಆಂಪಿಯರ್ ತೋರಿದ ಉಪಕರಣ ಕುದಿಯುವ ನೀರಿನಲ್ಲಿ 20 ತೋರಬೇಕೆಂದು ಕುಂಬಾರಕೊಪ್ಪಲಿನಲ್ಲಿ ಹಟ ಹಿಡಿಯಲಾಗದು. ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದ ಮೈಸೂರಿನಲ್ಲಿ ನೀರು ಸುಮಾರು 97.5 ಡಿಗ್ರಿಗೇ ಕುದಿಯುವುದರಿಂದ, ಅಲ್ಲಿ 19.6ರ ಆಸುಪಾಸಿನ ಅಂಕಿಯೇ ಸರಿ. ಅದನ್ನು ಬಲವಂತದಿಂದ 20ಕ್ಕೆ ತಿರುಗಿಸಿದವರು ನೆಟ್ಟಗಿದ್ದ ಉಪಕರಣವನ್ನು ಕೆಡಿಸಿದಂತೆ. ಹೀಗೆ ಪ್ಲಾಟಿನಮ್ಮಿನ ಗುಣ, ತಂತಿಯ ರೋಧ, ಊರಿನ ಗಾಳಿಯ ಒತ್ತಡ ಇವೆಲ್ಲವನ್ನೂ ಒಟ್ಟಿಗೆ ತೂಗಿ ನೋಡಿ ಅಂಕಿಯೊಂದನ್ನು ನಂಬುವುದರಲ್ಲಿಯೇ ಈ ಕಸುಬಿನ ಆನಂದವಿದೆ.