ಒಂದು ‘ಲಿ’ಯ ಬೆಲೆ

ಇಂಗ್ಲಿಷಿನಲ್ಲಿ ಶಬ್ದಗಳಿಗೂ ಜಾತಕ ಕೂಡಿಬರಬೇಕು. ಮಳೆಯಾದರೆ ‘ಹೆವಿ’, ಗಾಳಿಯಾದರೆ ‘ಸ್ಟ್ರಾಂಗ್’. ‘ಸ್ಟ್ರಾಂಗ್ ರೈನ್’ ಎಂದರೆ ವ್ಯಾಕರಣ ಸುಮ್ಮನಿದ್ದರೂ ಕಿವಿ ಒಪ್ಪದು. ಕನ್ನಡದಲ್ಲಿಯೂ ಬಡತನ ಕಡು, ನಿದ್ದೆ ಗಾಢ. ಕಡುನಿದ್ದೆ ಎಂದರೆ ಮನೆಯ ಮಕ್ಕಳೂ ನಕ್ಕಾರು. ತಾಯ್ನುಡಿಯಲ್ಲಿ ಈ ವಿವೇಕ ತಾನಾಗಿ ಬರುತ್ತದೆ. ಪರಭಾಷೆಯಲ್ಲಿ ಒಂದೊಂದನ್ನೂ ಕಲಿಯಬೇಕಾಗುತ್ತದೆ.

ಹೆಡ್ ಗುಮಾಸ್ತರಾಗಿ ನಿವೃತ್ತರಾದ ರಾಯರಿಗೆ ಇದು ತಿಳಿದದ್ದು ತಡವಾಗಿ. ತಂದೆಯಿಲ್ಲದ ನೆರೆಮನೆಯ ಹುಡುಗಿ ಕೆಲಸದ ಅರ್ಜಿಗಾಗಿ ಒಂದು ಶಿಫಾರಸು ಪತ್ರ ಬೇಡಿ ಬಂದಳು. ಅವಳ ಶ್ರಮವನ್ನು ಕಣ್ಣಾರೆ ಕಂಡಿದ್ದ ರಾಯರು ಅಭಿಮಾನದಿಂದ ಬರೆದರು: ‘ಷಿ ಹ್ಯಾಸ್ ಹಾರ್ಡ್ಲಿ ವರ್ಕ್ಡ್.’ ‘ಕ್ವಿಕ್’ ಎಂಬುದು ‘ಕ್ವಿಕ್ಲಿ’ ಆಗುವಂತೆ ‘ಹಾರ್ಡ್’ ಎಂಬುದೂ ‘ಹಾರ್ಡ್ಲಿ’ ಆಗುವುದೆಂದು ಅವರ ನಂಬಿಕೆ.

ಹುಡುಗಿಯ ಮುಖ ಬಾಡಿತು. ತಪ್ಪೆಂದರೆ ಹಿರಿಯರ ಮನಸ್ಸು ನೋಯುವುದು. ಸುಮ್ಮನಿದ್ದರೆ ಕೆಲಸ ಕೈತಪ್ಪುವುದು. ಕೊನೆಗೆ ಮೆಲ್ಲನೆ ಕೇಳಿದಳು: “ಮಾಮ, ಹಾರ್ಡ್ಲಿ ಎಂಬುದನ್ನು ನಿಘಂಟಿನಲ್ಲಿ ಒಮ್ಮೆ ತೋರಿಸುವಿರಾ?”

ಕಪಾಟಿನಲ್ಲಿ ಹಾರ್ನ್‌ಬಿಯವರ ನಿಘಂಟು ಇದ್ದಿತು. ಜಪಾನಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಆತ ಇಬ್ಬರು ಸಂಗಡಿಗರೊಡನೆ ರಚಿಸಿದ ಆ ಗ್ರಂಥ 1942ರಲ್ಲಿ ಟೋಕಿಯೋದಲ್ಲಿ ಅಚ್ಚಾಯಿತು. 1948ರಲ್ಲಿ ಆಕ್ಸ್‌ಫರ್ಡ್ ಮುದ್ರಣಾಲಯ ಅದನ್ನು ಪ್ರಕಟಿಸಿತು. ಪರಭಾಷಿಕರಿಗೆ ಶಬ್ದದ ಅರ್ಥವೊಂದೇ ಸಾಲದು, ಅದನ್ನು ಬಳಸುವ ಬಗೆಯೂ ಬೇಕೆಂಬುದನ್ನು ಅರಿತು ರಚಿಸಿದ ನಿಘಂಟು ಅದು.

‘ಹಾರ್ಡ್’ ಎಂದರೆ ಕಷ್ಟಪಟ್ಟು. ‘ಹಾರ್ಡ್ಲಿ’ ಎಂದರೆ ಇಲ್ಲವೆನ್ನುವಷ್ಟು ಕಡಮೆ. ‘ಲೇಟ್’ ಎಂದರೆ ತಡವಾಗಿ. ‘ಲೇಟ್ಲಿ’ ಎಂದರೆ ಇತ್ತೀಚೆಗೆ. ರಾಯರು ಬಹಳ ಹೊತ್ತು ಪುಟಗಳನ್ನೇ ನೋಡುತ್ತ ಕುಳಿತರು.

“ಮೂವತ್ತು ವರ್ಷ ಎಷ್ಟು ಜನಕ್ಕೆ ಹೀಗೆ ಬರೆದುಕೊಟ್ಟೆನಮ್ಮಾ! ಬಡ್ತಿ ತಪ್ಪಿದವರೂ ಇದ್ದರು.”

ಕಾಫಿ ತಂದ ಮಡದಿ ಹೇಳಿದರು: “ಓದಿದ ಸಾಹೇಬರೂ ನಿಮ್ಮ ಹಾಗೆಯೇ ಇಂಗ್ಲಿಷ್ ಕಲಿತವರಲ್ಲವೆ? ನೀವು ಹೇಳಹೊರಟದ್ದೇ ಅವರಿಗೂ ಅರ್ಥವಾಗಿದ್ದೀತು.”

ರಾಯರು ನಕ್ಕರು. ಆದರೂ ಹೊಸ ಹಾಳೆ ತೆಗೆದುಕೊಂಡು, ‘ಲಿ’ಯನ್ನು ಬಿಟ್ಟು, ‘ಹಾರ್ಡ್’ ಎಂಬುದನ್ನು ವಾಕ್ಯದ ಕೊನೆಗೆ ತಂದು, ಪತ್ರವನ್ನು ಮೊದಲಿನಿಂದ ಬರೆದರು.