ಪೂ ಕರಡಿಯ ದನಿ ಹಿಡಿದು

ಲಂಡನ್ನಿನ ವಿಕ್ಟೋರಿಯಾ ನಿಲ್ದಾಣದಿಂದ ಈಸ್ಟ್ ಗ್ರಿನ್‌ಸ್ಟೆಡ್‌ಗೆ ರೈಲಿನಲ್ಲಿ ಸುಮಾರು ಒಂದು ಗಂಟೆ. ಅಷ್ಟು ಹೊತ್ತೂ ನನ್ನ ಕಿವಿಯಲ್ಲಿ ಕರಡಿಯೊಂದು ಮಾತಾಡುತ್ತಿತ್ತು. ಎ. ಎ. ಮಿಲ್ನ್ 1926ರಲ್ಲಿ ಪ್ರಕಟಿಸಿದ ‘ವಿನ್ನಿ ದ ಪೂ’ ಕಥೆಗಳನ್ನು ಡೇವಿಡ್ ಬೆನೆಡಿಕ್ಟಸ್ ಧ್ವನಿನಾಟಕ ಮಾಡಿದ್ದಾರೆ. ಸ್ಟೀಫನ್ ಫ್ರೈ ಅದರಲ್ಲಿ ಪೂ, ಜೂಡಿ ಡೆಂಚ್ ಕಾಂಗಾ ಎಂಬ ಕಾಂಗರೂ. ನನ್ನನ್ನು ಕಟ್ಟಿಹಾಕಿದ್ದು ಮಾತ್ರ ಈಯೋರ್ ಎಂಬ ಕತ್ತೆಯ ಪಾತ್ರಕ್ಕೆ ದನಿ ಕೊಟ್ಟ ಜೆಫ್ರಿ ಪಾಮರ್. ಲೋಕದ ಬೇಸರವನ್ನೆಲ್ಲ ಹೊತ್ತುಕೊಂಡ ಆ ತಗ್ಗು ದನಿ ಕೇಳುತ್ತಿದ್ದರೆ ಜೋತುಬಿದ್ದ ಕಿವಿಗಳು ತಾವಾಗಿಯೇ ಕಣ್ಣಿಗೆ ಕಟ್ಟುತ್ತವೆ. ಚಿತ್ರಪುಸ್ತಕ ಬೇಕೆನಿಸುವುದೇ ಇಲ್ಲ!

ಅಲ್ಲಿಂದ ಬಸ್ಸು ಹಿಡಿದರೆ ಹಾರ್ಟ್‌ಫೀಲ್ಡ್ ಹಳ್ಳಿ. ಮಿಲ್ನ್ ಈ ಊರಿನ ಹತ್ತಿರ ಕಾಚ್‌ಫರ್ಡ್ ಫಾರ್ಮ್ ಎಂಬ ಮನೆ ಕೊಂಡದ್ದು 1925ರಲ್ಲಿ. ಮಗ ಕ್ರಿಸ್ಟೋಫರ್ ರಾಬಿನ್ ಆಡಿದ ಹಳ್ಳ, ಹತ್ತಿದ ಮರ, ಅಲೆದ ಗುಡ್ಡ ಎಲ್ಲವೂ ಕಥೆಗೆ ಸೇರಿಕೊಂಡವು.

ಹಳ್ಳಿಯಿಂದ ಹೊಲ, ಮರಗಳ ನಡುವೆ ನಡೆದು ಕಥೆಯಲ್ಲಿ ಬರುವ ಸೇತುವೆ ತಲುಪಿದಾಗ ನಾನು ಬೆರಗಾಗಿ ನಿಂತುಬಿಟ್ಟೆ. ಎಷ್ಟು ಪುಟ್ಟದು! ನಮ್ಮ ಮಲೆನಾಡಿನ ತೋಟದ ಹಳ್ಳಕ್ಕೆ ಹಾಕಿದ ಸಂಕದಂತೆ, ಕೆಳಗೆ ತೆಳುವಾಗಿ ಹರಿಯುವ ನೀರು. ಇಲ್ಲಿ ಒಂದು ಬದಿಯಿಂದ ಕಡ್ಡಿ ಬಿಟ್ಟು, ಓಡಿಹೋಗಿ ಇನ್ನೊಂದು ಬದಿಯಲ್ಲಿ ಬಗ್ಗಿ ಯಾರದು ಮೊದಲು ಬಂತೆಂದು ನೋಡುವುದೇ ಪೂ ಕಂಡುಹಿಡಿದ ಆಟ. ಮಕ್ಕಳ ಜೊತೆ ಅಜ್ಜ ಅಜ್ಜಿಯರೂ ಓಡುತ್ತಿದ್ದರು. ನಾನೂ ಓಡಿದೆ. 1907ರ ಮೂಲ ಸೇತುವೆಯನ್ನು ಬಿಚ್ಚಿ, 1999ರಲ್ಲಿ ಹೊಸದನ್ನು ಕಟ್ಟಿದ್ದಾರೆ. ಹಳೆಯದರ ಮರಮುಟ್ಟು 2021ರ ಹರಾಜಿನಲ್ಲಿ 1,31,000 ಪೌಂಡಿಗೂ ಹೆಚ್ಚು ಬೆಲೆಗೆ ಹೋಯಿತು.

ಆ ಹಳೆಯ ಸೇತುವೆ 1979ರಲ್ಲಿ ದುರಸ್ತಿಯಾದಾಗ ಅದನ್ನು ಮತ್ತೆ ತೆರೆದವರು ಕ್ರಿಸ್ಟೋಫರ್ ಅವರೇ. ಆ ಸಂಗತಿ ನನ್ನನ್ನು ಬಹಳ ಕಲಕಿತು. ಯಾಕೆಂದರೆ ಧ್ವನಿಮುದ್ರಣದ ಈ ಕಥೆಯಲ್ಲಿ ನೋವಿನ ಭಾಗ ಅವರದು. ಚಿಕ್ಕಂದಿನಲ್ಲಿ ಅವರ ಕಂಠದಲ್ಲಿ ಒಂದು ಗ್ರಾಮಫೋನ್ ರೆಕಾರ್ಡ್ ಆಗಿತ್ತು. ಮುಂದೆ ವಸತಿಶಾಲೆಯಲ್ಲಿ ಪಕ್ಕದ ಕೋಣೆಯ ಹುಡುಗರು ಅದನ್ನೇ ಮತ್ತೆ ಮತ್ತೆ ಹಾಕಿ ಗೋಳುಹೊಯ್ದುಕೊಂಡರು. ಕೊನೆಗೆ ಆ ಹುಡುಗರಿಗೇ ಸಾಕಾಗಿ ರೆಕಾರ್ಡನ್ನು ಕೊಟ್ಟಾಗ, ಕ್ರಿಸ್ಟೋಫರ್ ಅದನ್ನು ಚೂರುಚೂರು ಮಾಡಿ ದೂರದ ಹೊಲದಲ್ಲಿ ಚೆಲ್ಲಿ ಬಂದರು. 1974ರ ತಮ್ಮ ನೆನಪಿನ ಪುಸ್ತಕದಲ್ಲಿ ಅವರೇ ಇದನ್ನು ಬರೆದಿದ್ದಾರೆ. ಕಥೆ ಕೇಳುವ ಮಕ್ಕಳನ್ನಷ್ಟೇ ಅಲ್ಲ, ಮೈಕಿನ ಮುಂದೆ ನಿಲ್ಲಿಸಿದ ಮಗುವನ್ನೂ ದೊಡ್ಡವರು ನೆನೆಯಬೇಕು.

ಸೇತುವೆ ದಾಟಿ ಮೇಲೆ ಹತ್ತಿದರೆ ಆಶ್‌ಡೌನ್ ಕಾಡು. ಕಾಡು ಎಂದರೆ ದಟ್ಟ ಮರಗಳೆಂದು ಎಣಿಸಿದ್ದವನಿಗೆ ಇನ್ನೊಂದು ಬೆರಗು! ಬಹುಪಾಲು ಬಯಲೇ, ಮುಳ್ಳುಪೊದೆಗಳಲ್ಲಿ ಹಳದಿ ಹೂ, ನೆಲಕ್ಕಂಟಿದ ಹೆದರ್ ಗಿಡಗಳಲ್ಲಿ ನೇರಳೆ ಹೂ, ಕಣ್ಣು ಹಾಯುವಷ್ಟೂ ಆಕಾಶ. ಗಿಲ್ಸ್ ಲ್ಯಾಪ್ ಎಂಬ ದಿಬ್ಬದ ಮೇಲೆ ಪೈನ್ ಮರಗಳ ಗುಂಪು. ಕಥೆಯ ಮಾಯದ ತಾಣ ಅದೇ. ಮಿಲ್ನ್ ಮತ್ತು ಚಿತ್ರಕಾರ ಇ. ಎಚ್. ಶೆಪರ್ಡ್ ಅವರ ನೆನಪಿನ ಫಲಕ ಹತ್ತಿರದಲ್ಲೇ ಇದೆ.

ಅಲ್ಲಿ ಕೂತು ನಾಟಕ ನಿಲ್ಲಿಸಿ, ಅಲನ್ ಬೆನೆಟ್ ಒಬ್ಬರೇ ಬಿಬಿಸಿಗಾಗಿ ಓದಿದ್ದನ್ನು ಹಾಕಿಕೊಂಡೆ. ಲೀಡ್ಸ್ ಕಡೆಯ ಆ ಮೆಲುದನಿ ಪೂವನ್ನು, ಹಂದಿಮರಿ ಪಿಗ್ಲೆಟ್‌ನ ಪುಕ್ಕಲುತನವನ್ನು, ಗೂಬೆಯ ಪಾಂಡಿತ್ಯವನ್ನು ತಾನೊಂದೇ ತೂಗಿಸುತ್ತದೆ. ತಾರೆಯರ ದಂಡು ಎಷ್ಟೇ ಸೊಗಸಾಗಿದ್ದರೂ ಆ ದಿಬ್ಬದ ಮೇಲೆ ನನಗೆ ಈ ಒಂಟಿ ಓದೇ ಹೆಚ್ಚೆನಿಸಿತು. ಒಬ್ಬರು ಹೇಳುವಾಗ ಕೇಳುವವರಿಗೆ ಕಲ್ಪಿಸಿಕೊಳ್ಳುವ ಕೆಲಸ ಉಳಿದಿರುತ್ತದೆ. 1929ರಲ್ಲಿ ಮಿಲ್ನ್ ಸ್ವತಃ ಒಂದು ಅಧ್ಯಾಯವನ್ನು ಗ್ರಾಮಫೋನಿಗೆ ಓದಿದ್ದರು. ಅದೂ ಒಂಟಿ ಓದೇ. ಆಮೇಲೆ ಬಿಬಿಸಿಯ ಮಕ್ಕಳ ಕಾರ್ಯಕ್ರಮದಲ್ಲಿ ನಾರ್ಮನ್ ಶೆಲ್ಲಿ ಪೂ ಆಗಿ ರೇಡಿಯೊ ಕೇಳುವ ಮನೆಗಳಿಗೆಲ್ಲ ಬಂದರು.

ಹೋಗುವವರು ಮಕ್ಕಳನ್ನು ಕರೆದುಕೊಂಡು ಹೋಗಿ. ಹೊರಡುವ ಮೊದಲೇ ಒಂದೆರಡು ಕಥೆ ಕೇಳಿಸಿಡಿ. ಆಟಕ್ಕೆ ಬೇಕಾದ ಕಡ್ಡಿಗಳನ್ನು ದಾರಿಯಲ್ಲೇ ನೆಲದಿಂದ ಆರಿಸಿಕೊಳ್ಳಿ. ಮೊದಲು ಬಂದವರೆಲ್ಲ ಬಾಚಿಕೊಂಡಿರುವುದರಿಂದ ಸೇತುವೆಯ ಹತ್ತಿರ ಸಿಗುವುದು ಕಷ್ಟ.