ಹೊಸೂರಿನಿಂದ ಗ್ರಿಡ್‌ವರೆಗೆ

ಅತ್ತಿಬೆಲೆ ದಾಟಿ ಜೂಜುವಾಡಿ ಹತ್ತಿರ ಬರುವಾಗಲೇ ಬೈಕ್ ತುಂಬಿದ ಕಂಟೇನರ್ ಲಾರಿಗಳು ಒಂದರ ಹಿಂದೊಂದು ಎದುರಾದವು. ಈ ದಾರಿಯಲ್ಲಿ ಓಡಾಡುವವರಿಗೆ ಇದೇನೂ ಹೊಸದಲ್ಲ. ಟಿವಿಎಸ್ 50 ಮೊಪೆಡ್ 1980ರಲ್ಲಿ ರಸ್ತೆಗಿಳಿದದ್ದು ಹೊಸೂರಿನ ಕಾರ್ಖಾನೆಯಿಂದ. ಈಗ ಏಥರ್‌ನ ವಿದ್ಯುತ್ ಸ್ಕೂಟರ್ ಹೊಸೂರಿನಲ್ಲೇ ತಯಾರಾಗುತ್ತದೆ, ಓಲಾದ್ದು ಇದೇ ಕೃಷ್ಣಗಿರಿ ಜಿಲ್ಲೆಯ ಪೋಚಂಪಳ್ಳಿಯಲ್ಲಿ. ಹಾಲಿನ ಕ್ಯಾನು, ಮೇವಿನ ಹೊರೆ ಹೊತ್ತು ಹಳ್ಳಿ ಸುತ್ತಿದ ಆ ಮೊಪೆಡ್ ತಯಾರಿಸಿದ ಟಿವಿಎಸ್ ಕಂಪನಿಯೇ 1982ರಲ್ಲಿ ರೇಸಿಂಗ್ ತಂಡವನ್ನೂ ಕಟ್ಟಿತು.

ನಾವು ಹೊರಟಿದ್ದು ಚೆನ್ನೈ ಸಮೀಪದ ಇರುಂಗಾಟ್ಟುಕೋಟೈ ಟ್ರ್ಯಾಕಿಗೆ, ಬೈಕ್ ರೇಸಿನ ಕ್ವಾಲಿಫೈಯಿಂಗ್ ನೋಡಲು. ಹೊಸೂರಿನ ಬಸ್ ಸ್ಟ್ಯಾಂಡ್ ಬಳಿ ತಿಂಡಿಗೆ ನಿಂತೆವು. ಪಕ್ಕದ ಮೇಜಿನಲ್ಲಿ ತಮಿಳು, ಗಲ್ಲಾದಲ್ಲಿ ತೆಲುಗು, ಇಡ್ಲಿ ತಂದಿಟ್ಟವರ ಬಾಯಲ್ಲಿ ಕನ್ನಡ. "ರೇಸ್ ನೋಡಕ್ ಅಷ್ಟ್ ದೂರ ಯಾಕ್ ಸಾರ್? ಸಾಯಂಕಾಲ ಶಿಫ್ಟ್ ಬಿಡೋ ಹೊತ್ಗೆ ಸಿಪ್ಕಾಟ್ ರೋಡಲ್ ನಿಂತ್ಕಳಿ, ಸಾಕು" ಎಂದರು ಅವರು, ಕೈಗಾರಿಕಾ ಪ್ರದೇಶದ ಕಡೆ ಕೈ ತೋರಿಸುತ್ತ.

ಜೊತೆಗಿದ್ದ ಗೆಳೆಯ ಮೈಸೂರಿನವನು, ಯೆಜ್ಡಿ ಬೈಕಿನ ಸದ್ದು ಕೇಳಿಯೇ ಬೆಳೆದವನು. ಅವನಿಗೆ ಹಿಡಿದಿರುವ ಹುಚ್ಚೇ ಬೇರೆ: ಸ್ಪೀಡ್‌ವೇ. ಮಣ್ಣಿನ ಅಂಡಾಕಾರದ ಟ್ರ್ಯಾಕು, ಒಂದು ಸಲಕ್ಕೆ ನಾಲ್ಕೇ ಸವಾರರು, ನಾಲ್ಕೇ ಸುತ್ತು, ಸುಮಾರು ಒಂದು ನಿಮಿಷದಲ್ಲಿ ಎಲ್ಲ ಮುಗಿಯುತ್ತದೆ. 500 ಸಿಸಿ ಎಂಜಿನ್ನಿಗೆ ಮೆಥನಾಲ್ ಕುಡಿಸುತ್ತಾರೆ. ಗೇರ್ ಒಂದೇ, ಬ್ರೇಕ್ ಇಲ್ಲವೇ ಇಲ್ಲ. ತಿರುವಿನಲ್ಲಿ ಹಿಂದಿನ ಚಕ್ರವನ್ನು ಬೇಕೆಂದೇ ಜಾರಿಸಿ, ಕಬ್ಬಿಣದ ತಳವಿರುವ ಎಡಗಾಲಿನ ಬೂಟನ್ನು ನೆಲಕ್ಕೆ ಒತ್ತಿ, ಹ್ಯಾಂಡಲ್ಲನ್ನು ಬಲಕ್ಕೆ ತಿರುಗಿಸಿ ಎಡಕ್ಕೆ ಹೋಗುತ್ತಾರೆ. ಮೊದಲ ಸಲ ನೋಡಿದವರಿಗೆ ಎಲ್ಲರೂ ಈಗಲೋ ಆಗಲೋ ಬೀಳುವವರಂತೆಯೇ ಕಾಣುತ್ತಾರೆ.

ಇದರ ವಿಶ್ವ ಪಟ್ಟ 1995ರಿಂದ ಗ್ರಾಂಡ್ ಪ್ರಿ ಸರಣಿಯಲ್ಲಿ ತೀರ್ಮಾನವಾಗುತ್ತಿದೆ. ಅಲ್ಲಿಗೆ ಹೋಗಲು ಇರುವ ದಾರಿಗಳಲ್ಲಿ ಅರ್ಹತಾ ಸುತ್ತು ಒಂದು. ಜರ್ಮನಿಯ ಆಬೆನ್ಸ್‌ಬರ್ಗ್, ಹಂಗೇರಿಯ ಡೆಬ್ರೆಸೆನ್, ಸ್ಲೊವಾಕಿಯಾದ ಝಾರ್ನೊವಿತ್ಸಾದಂಥ ಊರುಗಳಲ್ಲಿ ಅದು ನಡೆಯುತ್ತದೆ. ಅಲ್ಲಿ ಮೇಲೆ ಬಂದವರಿಗೆ ಮತ್ತೆ ಚಾಲೆಂಜ್ ಎಂಬ ಜರಡಿ. ಲೆಕ್ಕ ಬಹಳ ಚೊಕ್ಕ. 16 ಸವಾರರು, 20 ಹೀಟ್, ಅಂದರೆ ನಾಲ್ಕು ಸುತ್ತಿನ 20 ಓಟ. ಪ್ರತಿಯೊಬ್ಬನಿಗೂ ಐದು ಹೀಟ್, ಹೀಟಿಗೆ ಮೂವರು ಎದುರಾಳಿಗಳು. ಅಲ್ಲಿಗೆ ಎಲ್ಲರೂ ಉಳಿದ ಹದಿನೈದು ಮಂದಿಯನ್ನು ಒಂದೊಂದು ಸಲ ಎದುರಿಸಿದಂತಾಯಿತು. ಗೆದ್ದರೆ ಮೂರು ಅಂಕ, ಆಮೇಲೆ ಎರಡು, ಒಂದು, ಕೊನೆಯವನಿಗೆ ಸೊನ್ನೆ. ಒಂದು ಹೀಟ್‌ನಲ್ಲಿ ಬಿದ್ದರೂ ಉಳಿದದ್ದರಲ್ಲಿ ತುಂಬಿಕೊಳ್ಳಬಹುದು. ಅದೃಷ್ಟವನ್ನೇ ನಂಬಿ ಬಂದವನು ಮಾತ್ರ ಐದು ಸಲವೂ ಪಾರಾಗಲಾರ.

ಇದಕ್ಕೂ ಮೈಸೂರಿಗೂ ಒಂದು ಎಳೆ ಇದೆ. 1961ರಲ್ಲಿ ಶುರುವಾಗಿ 1996ರಲ್ಲಿ ಬಾಗಿಲು ಹಾಕಿದ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ ಯಾರಿಗೆ ಗೊತ್ತಿಲ್ಲ? ಆ ಹೆಸರಿನ ಮೂಲ ಕಂಪನಿ, ಚೆಕ್ ನಾಡಿನ ಜಾವಾ, ಸ್ಪೀಡ್‌ವೇ ಬೈಕ್‌ಗಳಿಗೂ ಹೆಸರುವಾಸಿ. ನ್ಯೂಜಿಲೆಂಡಿನ ಐವನ್ ಮಾಗರ್ 1968ರಿಂದ 1970ರವರೆಗೆ ಸತತ ಮೂರು ಸಲ ವಿಶ್ವ ಚಾಂಪಿಯನ್ ಆದ. ಮೂರನೇ ಪಟ್ಟ ಗೆದ್ದ ಅವನ ಜಾವಾ ಬೈಕಿಗೆ ಅಮೆರಿಕದ ಅಭಿಮಾನಿಗಳು ಚಿನ್ನದ ಲೇಪ ಮಾಡಿಸಿದರು. "ನಮ್ಮೂರಲ್ಲಿ ಅದೇ ಹೆಸರಿನ ಗಾಡಿ ಮೇಲೆ ತರಕಾರಿ ತರ್ತಿದ್ರು ಕಣಯ್ಯ" ಎಂದು ಗೆಳೆಯ ನಿಟ್ಟುಸಿರು ಬಿಟ್ಟ.

ಮಣ್ಣಿನಲ್ಲಿ ಜಾರುವುದನ್ನು ಕಲಿಸುವ ಜಾಗ ನಮ್ಮ ಕಡೆಯೂ ಇದೆ. ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಡಕಾರ್ ರ‍್ಯಾಲಿ ಮುಗಿಸಿದ ಮೊದಲ ಭಾರತೀಯ. ಕೋಲಾರದ ಬಳಿ ಅವರು ಕಟ್ಟಿದ ಬಿಗ್‌ರಾಕ್ ಡರ್ಟ್‌ಪಾರ್ಕ್‌ನಲ್ಲಿ ರಾಯಲ್ ಎನ್‌ಫೀಲ್ಡ್‌ನ ಫ್ಲ್ಯಾಟ್ ಟ್ರ್ಯಾಕ್ ತರಬೇತಿ ನಡೆದಿದೆ.

ಶೂಲಗಿರಿ ಕಳೆದು ಕೃಷ್ಣಗಿರಿಗೆ ಇಳಿಯುವಾಗ ಎರಡೂ ಕಡೆ ಬಂಡೆಗುಡ್ಡಗಳು, ನಡುನಡುವೆ ಮಾವಿನ ತೋಪು. ತೋತಾಪುರಿ ಹಣ್ಣಿನ ತಿರುಳು ಡಬ್ಬಿ ಸೇರುವ ಊರಿದು. ಇಲ್ಲಿ ಹೆದ್ದಾರಿ ಕವಲೊಡೆಯುತ್ತದೆ: ನೇರ ಹೋದರೆ ಸೇಲಂ, ಎಡಕ್ಕೆ ಹೊರಳಿದರೆ ವಾಣಿಯಂಬಾಡಿ, ಆಂಬೂರು, ವೇಲೂರು ಹಾದು ಚೆನ್ನೈ. ಇರುಂಗಾಟ್ಟುಕೋಟೈ ಈ ಎಡದ ದಾರಿಯ ಮೇಲೇ ಇದೆ, ಇನ್ನೂ 200 ಕಿ.ಮೀ.ಗಿಂತ ಹೆಚ್ಚು ದೂರ.

ದಾರಿಯುದ್ದಕ್ಕೂ ನಮ್ಮ ವಾದ ಒಂದೇ. ನಮ್ಮವರು ಹೊರದೇಶದ ರೇಸಿಗೆ ಹೋಗುವುದು ಹೇಗೆ? ನನ್ನ ಕೇಳಿದರೆ, ನಮ್ಮ ಸವಾರರ ನಿಜವಾದ ಅರ್ಹತಾ ಸುತ್ತು ಕಂಪನಿಯೊಂದರ ಕಣ್ಣಿಗೆ ಬೀಳುವುದು. ಬೈಕು, ಟೈರು, ವಿಮಾನದ ಖರ್ಚನ್ನು ಮನೆಯ ದುಡ್ಡಿನಲ್ಲಿ ತೂಗಿಸುವುದು ಸುಲಭವಲ್ಲ. ಉಡುಪಿಯ ಕೆ.ಪಿ. ಅರವಿಂದ್ ಡಕಾರ್‌ಗೆ ಹೋದದ್ದು ಟಿವಿಎಸ್ ತಂಡದಿಂದ. 2019ರಲ್ಲಿ 37ನೆಯವರಾಗಿ ಮುಗಿಸಿದರು. ಬಿಗ್ ಬಾಸ್ ನೋಡುವ ಮನೆಗಳಿಗೆ ಅವರ ಪರಿಚಯ ಆಮೇಲೆ ಆಯಿತು.

ಬೆಂಗಳೂರಿನ ಐಶ್ವರ್ಯಾ ಪಿಸ್ಸೆ ಕೂಡ ಟಿವಿಎಸ್ ಸವಾರೆ. 2018ರಲ್ಲಿ ಸ್ಪೇನಿನ ಬಾಹಾ ಅರಗಾನ್ ರ‍್ಯಾಲಿಯಲ್ಲಿ ಬಿದ್ದು ಮೇದೋಜೀರಕ ಗ್ರಂಥಿಗೇ ಪೆಟ್ಟಾಯಿತು. ಮರುವರ್ಷ ಅವರು ಅಂತರರಾಷ್ಟ್ರೀಯ ಮೋಟರ್‌ಸೈಕಲ್ ಒಕ್ಕೂಟದ ಬಾಹಾ ವಿಶ್ವಕಪ್‌ನ ಮಹಿಳಾ ವಿಭಾಗ ಗೆದ್ದರು. ಅಂಕ 65, ಪೋರ್ಚುಗಲ್‌ನ ರೀಟಾ ವಿಯೆರಾಗೆ 61. ಮೊದಲ ಸ್ಥಾನ ಬಂದದ್ದು ದುಬೈನಲ್ಲಿ ಮಾತ್ರ. ಉಳಿದ ಕಡೆ ಬಿಡದೆ ಕೂಡಿಸಿದ ಅಂಕಗಳೇ ಕೈಹಿಡಿದವು. ಸ್ಪೀಡ್‌ವೇ ಲೆಕ್ಕದವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ.

ಮಾತಾಡುತ್ತಲೇ ಇರುಂಗಾಟ್ಟುಕೋಟೈ ತಲುಪಿದೆವು. ಮದ್ರಾಸ್ ಮೋಟರ್ ಸ್ಪೋರ್ಟ್ಸ್ ಕ್ಲಬ್ಬಿನ ಇಲ್ಲಿನ ಟ್ರ್ಯಾಕ್ 1990ರಲ್ಲಿ ತೆರೆದದ್ದು. ಒಂದು ಸುತ್ತಿಗೆ ಸುಮಾರು 3.7 ಕಿ.ಮೀ. ಅದಕ್ಕೂ ಮೊದಲು ರೇಸುಗಳು ಶೋಳಾವರಂನ ಹಳೆ ವಿಮಾನಪಟ್ಟಿಯಲ್ಲಿ ನಡೆಯುತ್ತಿದ್ದವು. 2018ರಲ್ಲಿ ಏಷ್ಯಾ ರೋಡ್ ರೇಸಿಂಗ್ ಚಾಂಪಿಯನ್‌ಷಿಪ್‌ನ ಸುತ್ತೊಂದು ಇಲ್ಲಿಗೇ ಬಂದಿತ್ತು. ಅದೇ ಚಾಂಪಿಯನ್‌ಷಿಪ್‌ನ ಜೊತೆಗೆ 2022ರಲ್ಲಿ ಟಿವಿಎಸ್ ಏಷ್ಯಾ ಒನ್ ಮೇಕ್ ರೇಸ್ ಶುರುವಾಯಿತು. ಹಲವು ದೇಶಗಳ ಸವಾರರು, ಎಲ್ಲರ ಕೆಳಗೂ ಅಪಾಚೆ ಆರ್‌ಆರ್ 310.

ಪಿಟ್‌ನಲ್ಲಿ ಬಿಸಿಲು ಸುಡುತ್ತಿತ್ತು. ಮೆಕ್ಯಾನಿಕ್ ಒಬ್ಬ ಅಂಗಾತ ಮಲಗಿ ಎಂಜಿನ್ನಿನ ಆಯಿಲ್ ಬೋಲ್ಟಿಗೆ ಸಣ್ಣ ತಂತಿ ಪೋಣಿಸಿ, ಇಕ್ಕಳದಿಂದ ಹೊಸೆದು ಬಿಗಿಯುತ್ತಿದ್ದ. ಬೋಲ್ಟ್ ಸಡಿಲವಾಗಿ ಒಂದು ಚಮಚ ಆಯಿಲ್ ಟ್ರ್ಯಾಕಿಗೆ ಚೆಲ್ಲಿದರೂ ಹಿಂದೆ ಬರುವವರೆಲ್ಲ ನೆಲ ಕಚ್ಚುತ್ತಾರೆ. ಬೈಕ್‌ಗಳು ಹೊರಟವು. ಇಲ್ಲಿನ ಕ್ವಾಲಿಫೈಯಿಂಗ್‌ನಲ್ಲಿ ಅಂಕಗಳಿಲ್ಲ, ಗಡಿಯಾರ ಮಾತ್ರ. ಕೊಟ್ಟ ಅವಧಿಯಲ್ಲಿ ಯಾರು ಅತಿ ಬೇಗ ಒಂದು ಸುತ್ತು ಮುಗಿಸುತ್ತಾರೋ ಅವರಿಗೆ ಗ್ರಿಡ್‌ನಲ್ಲಿ ಮುಂದಿನ ಜಾಗ. ಎಲ್ಲರ ಬೈಕೂ ಒಂದೇ ಆದಾಗ ಮುಂದಿನವನ ಬೆನ್ನಿಗೆ ಅಂಟಿಕೊಂಡು ಗಾಳಿಯ ಮರೆಯಲ್ಲಿ ಓಡುವುದೇ ಜಾಣತನ. ಹಾಗಾಗಿ ನೇರ ದಾರಿಯಲ್ಲಿ 'ನೀನು ಮುಂದೆ ಹೋಗು, ನೀನು ಹೋಗು' ಎಂದು ಎಲ್ಲರೂ ನಿಧಾನಿಸುವ ತಮಾಷೆಯೂ ನಡೆಯುತ್ತದೆ.

ಬೆಂಗಳೂರಿನ ಹುಡುಗನೊಬ್ಬ ಆ ಕಾಯುವ ಆಟದಲ್ಲೇ ಸಮಯ ಕಳೆದ. ವೇಗದ ಸುತ್ತು ಶುರುಮಾಡಿದಾಗ ಎದುರಿಗೆ ಒಬ್ಬ ಬಿದ್ದ, ಹಳದಿ ಬಾವುಟ ಬೀಸಿದರು. ನಿಧಾನಿಸದೆ ಬೇರೆ ದಾರಿಯಿರಲಿಲ್ಲ. ಹೆಲ್ಮೆಟ್ ತೆಗೆದು ನೇರ ಸಮಯದ ಹಾಳೆ ನೋಡಲು ಓಡಿದ. ಮೂರನೇ ಸಾಲು.

"ಸ್ಪೀಡ್‌ವೇ ಆಗಿದ್ರೆ ಇನ್ನೂ ನಾಲ್ಕು ಹೀಟ್ ಇರ್ತಿತ್ತು ಕಣಪ್ಪ ನಿಂಗೆ" ಎಂದ ಗೆಳೆಯ.

"ಬ್ರೇಕ್ ಇಲ್ದೇ ಇರೋ ಗಾಡೀಲಾ ಅಂಕಲ್? ನಂಗೆ ಮೂರನೇ ಸಾಲೇ ಸಾಕು" ಎಂದು ನಕ್ಕ ಹುಡುಗ, ಟೈರ್ ಗಾಳಿ ನೋಡಲು ಪಿಟ್ ಕಡೆ ನಡೆದ.